ಕಟ್ಟೆಯ ಮೇಲೆ ಕೂತ ಕಾಕಾ

ಕಾಕಾನ ಬಲಗೈ ಹೆಬ್ಬೆರಳು ಬೇರೆ ಯಾರದೋ ಕೈಯಿಂದ ತಂದು ಕೂಡಿಸಿದ ಹಾಗಿತ್ತು. ಅಗಲ, ಚಪ್ಪಟೆ, ತುದಿಯಲ್ಲಿ ಚರ್ಮ ಗಟ್ಟಿಯಾಗಿ ಹಳದಿ ತಿರುಗಿತ್ತು. ಕುರಿಯ ಬೆನ್ನ ಮೇಲೆ ಅಂಗೈ ಊರಿ, ಸೊಂಟದ ಹತ್ತಿರ ಎಲುಬಿನ ಮಗ್ಗುಲಲ್ಲಿ ಆ ಬೆರಳನ್ನು ಒಮ್ಮೆ ಒತ್ತಿದನೆಂದರೆ ಅದರ ಮೈಯಲ್ಲಿ ಮಾಂಸ ಎಷ್ಟು, ಬರೀ ಉಣ್ಣೆ ಎಷ್ಟು ಎಂದು ಹೇಳಿಬಿಡುತ್ತಿದ್ದ. ಶಾಸಕನಾದ ಮೇಲೂ ಈ ಚಾಳಿ ಬಿಡಲಿಲ್ಲ. ಹಾರ ಹಾಕಲು ಬಂದವರು, ಕಾಲಿಗೆ ಬಿದ್ದವರು, ಫೈಲು ಹಿಡಿದು ನಿಂತ ಅಧಿಕಾರಿಗಳು, ಎಲ್ಲರ ಬೆನ್ನ ಮೇಲೂ ಕೈಯಿಟ್ಟು ಒತ್ತುತ್ತಿದ್ದ. ಜನ ಅದನ್ನು ಪ್ರೀತಿ ಎಂದುಕೊಂಡು ಹಿಗ್ಗುತ್ತಿದ್ದರು. ಅವನು ತೂಗುತ್ತಿದ್ದಾನೆ ಎಂಬುದು ಮನೆಯವರಾದ ನಮಗೆ ಗೊತ್ತಿತ್ತು.

ಅವನು ನನ್ನಪ್ಪನ ತಮ್ಮ. ನಮ್ಮದು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇರುವ ಎರೆನೆಲದ ಊರು. ಅಪ್ಪ ಪಂಚಾಯಿತಿ ಕಚೇರಿಯಲ್ಲಿ ಕಾರಕೂನನಾಗಿದ್ದ, ಮೆತ್ತಗಿನ ಮನುಷ್ಯ. ಕಾಕಾ ಕುರಿ ವ್ಯಾಪಾರಕ್ಕೆ ಬಿದ್ದ. ಕುಷ್ಟಗಿ, ತಾವರಗೇರಾ, ಗಂಗಾವತಿ ಎಂದು ಸಂತೆಯಿಂದ ಸಂತೆಗೆ ಕುರಿ ಹೊಡೆದುಕೊಂಡು ತಿರುಗುತ್ತಿದ್ದ. ಆ ಸಂತೆಗಳಲ್ಲಿ ಕೊಡುವವನು ಕೊಳ್ಳುವವನು ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಒಬ್ಬರ ಬೆರಳು ಒಬ್ಬರು ಹಿಡಿದು ದರ ಕುದುರಿಸುವುದು ಪದ್ಧತಿ. ಪಕ್ಕದಲ್ಲಿ ನಿಂತವನಿಗೂ ದರ ತಿಳಿಯುವುದಿಲ್ಲ. ಕಾಕಾ ಆ ಟವೆಲ್ಲನ್ನು ಕಿತ್ತು ಹೆಗಲಿಗೆ ಹಾಕಿಕೊಂಡು, ನಾಲ್ಕು ಮಂದಿ ತಿರುಗಿ ನೋಡುವ ಹಾಗೆ ದರ ಕೂಗುತ್ತಿದ್ದ. ಹಳೆಯ ವ್ಯಾಪಾರಿಗಳು ಒಮ್ಮೆ ಸೇರಿ ಅವನನ್ನು ಸಂತೆಯಲ್ಲೇ ಹೊಡೆದರು. ಮೂಗಿನಿಂದ ರಕ್ತ ಸೋರುತ್ತಿದ್ದರೂ ಎದ್ದು ನಿಂತು ಮತ್ತೆ ಅದೇ ದರ ಕೂಗಿದನಂತೆ. ಕುರಿ ಸಾಕುವ ಬಡಪಾಯಿಗಳು ಆಮೇಲೆ ಅವನ ಸುತ್ತ ಸೇರತೊಡಗಿದರು. ಅವನ ರಾಜಕೀಯ ಶುರುವಾದದ್ದು ಅಲ್ಲಿಂದ.

ಅವನು ಯಾಕೆ ಹೀಗಾದ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪನಿಗೂ ಕಾಕಾನಿಗೂ ಒಬ್ಬ ಅಕ್ಕ ಇದ್ದಳು. ತಾವರಗೇರಾ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅವಳು ಗಂಡನ ಮನೆಯ ಅಡುಗೆಮನೆಯಲ್ಲಿ ಸುಟ್ಟು ಸತ್ತಳು. ಒಲೆಯ ಬೆಂಕಿ ಎಂದು ಅವರು ಹೇಳಿದರು. ಎರಡೂ ಕಡೆಯ ಹಿರಿಯರು ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಬಾಗಿಲು ತೆರೆದಾಗ ಪೊಲೀಸರ ಮಾತು ಮುಗಿದಿತ್ತು, ಅಜ್ಜನ ಪಾಲಿಗೆ ಒಂದು ಹಿಂಡು ಕುರಿ ಬಂದಿತ್ತು. ಆ ಹಿಂಡನ್ನು ಊರಿಗೆ ಹೊಡೆದುಕೊಂಡು ಬಂದವನು ಕಾಕಾ. ಅಜ್ಜ ಹೇಳಿದ್ದಕ್ಕೆ ಬಂದ. ಆಗಿನ್ನೂ ಮೀಸೆ ಮೂಡಿರಲಿಲ್ಲ. ಅವನ ವ್ಯಾಪಾರ ಬೆಳೆದದ್ದು ಆ ಕುರಿಗಳ ಮೇಲೆ.

ವಿಧಾನಸಭೆಗೆ ಮೊದಲ ಸಲ ನಿಂತಾಗ, ಪ್ರಚಾರದ ಕೊನೆಯ ದೊಡ್ಡ ಸಭೆಗೆ ಕಾಕಾ ಅಜ್ಜಿಯನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ. ಮಗ ಮಾತಾಡುವುದನ್ನು ನೋಡಲೆಂದು ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಅವನು ಮೈಕಿನ ಮುಂದೆ ನಿಂತು ರಸ್ತೆ ನೀರು ಯಾವುದರ ಮಾತೂ ಎತ್ತಲಿಲ್ಲ.

“ನಮ್ಮಕ್ಕನ್ನ ಸುಟ್ಟ ಮನಿಯಿಂದ ಕುರಿ ಹೊಡ್ಕೊಂಡು ಬಂದಾಂವ ನಾನು,” ಎಂದ. “ನಮ್ಮಪ್ಪ ತಗೊಂಡ, ನಾವೆಲ್ಲಾ ಉಂಡ್ವಿ. ಆವತ್ತ ಹಿರ್ಯಾರು ಬಾಗಲಾ ಹಾಕ್ಕೊಂಡು ಮಾತಾಡಿದ್ರು. ನಾ ಆರಿಸಿ ಬಂದ್ರ ಈ ಸೀಮ್ಯಾಗ ಯಾವ ಮಾತೂ ಬಾಗಲಾ ಹಾಕ್ಕೊಂಡು ಆಗಂಗಿಲ್ಲ.”

ಸಭೆ ಎದ್ದು ನಿಂತು ಕೂಗಿತು. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಪ್ಪ ಅವಳ ರಟ್ಟೆ ಹಿಡಿದು ಜನರ ನಡುವಿನಿಂದ ಹೊರಗೆ ತಂದ. ಕಾಕಾ ಗೆದ್ದ. ಅಜ್ಜಿ ಸಾಯುವವರೆಗೆ ಅವನ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ. ಅಲ್ಲಿಂದ ಬಂದ ಬುತ್ತಿಯನ್ನು ಬಾಯಿಗಿಡದೆ ದನಕ್ಕೆ ಹಾಕುತ್ತಿದ್ದಳು. ಸತ್ತ ಮಗಳನ್ನು ಮಗ ಇನ್ನೊಮ್ಮೆ ಸುಟ್ಟ ಎಂದು ಅವ್ವನ ಹತ್ತಿರ ಹೇಳಿದ್ದಳಂತೆ.

ಗೆದ್ದ ಮರುದಿನದಿಂದಲೇ ಅವನ ಮನೆಯ ಮುಂದಿನ ಬೇವಿನ ಮರದ ಕಟ್ಟೆ ಕಚೇರಿಯಾಯಿತು. ಬೆಂಗಳೂರಿನಲ್ಲಿ ಅಧಿವೇಶನ ಇಲ್ಲದ ದಿನ ಮುಂಜಾನೆ ಅಲ್ಲಿ ಬಂದು ಕೂರುತ್ತಿದ್ದ. ಮನೆಯ ಒಳಗೆ ಯಾರಿಗೂ ಪ್ರವೇಶವಿಲ್ಲ. ಕಿವಿಯಲ್ಲಿ ಹೇಳುವಂತಿಲ್ಲ, ಚೀಟಿ ಕೊಡುವಂತಿಲ್ಲ. ಏನಿದ್ದರೂ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಪಿಂಚಣಿ ನಿಂತ ಮುದುಕಿಯೂ ಅಷ್ಟೆ, ಗುತ್ತಿಗೆ ಬೇಕಾದ ಗುತ್ತಿಗೆದಾರನೂ ಅಷ್ಟೆ. “ಸಣ್ಣ ದನಿಯಿಂದ ಕೇಳಿದ್ರ ಅದು ಕಳ್ಳತನದ ಮಾತು, ದೊಡ್ಡ ದನಿಯಿಂದ ಕೇಳಿದ್ರ ನಿನ್ನ ಹಕ್ಕು,” ಎನ್ನುವುದು ಅವನ ಮಾತು. ಗುತ್ತಿಗೆದಾರರು ಬರುವುದು ಬಿಟ್ಟರು. ಬಡವರು ಹೆಚ್ಚಾದರು.

ಅವನು ಮಾಡಿದ ಕೆಲಸ ಸುಳ್ಳಲ್ಲ. ಎರೆಸೀಮೆಯ ಕೆಲವು ಹಳ್ಳಿಗಳಲ್ಲಿ ಬೋರಿನ ನೀರು ಕುಡಿದು ಮಕ್ಕಳ ಹಲ್ಲು ಕಂದು ತಿರುಗಿ, ದೊಡ್ಡವರ ಮೊಣಕಾಲು ಸೊಟ್ಟಾಗುತ್ತಿದ್ದವು. ನೀರು ಚೆನ್ನಾಗಿಯೇ ಇದೆ ಎಂದು ಒಬ್ಬ ಎಂಜಿನಿಯರು ಕಟ್ಟೆಯ ಮುಂದೆ ನಿಂತು ಹೇಳಿದ. ಕಾಕಾ ಆ ಹಳ್ಳಿಯಿಂದ ಒಂದು ಕೊಡ ನೀರು ತರಿಸಿ ಅವನಿಗೆ ಕುಡಿಸಿದ. ಅಷ್ಟಕ್ಕೆ ಬಿಡಲಿಲ್ಲ. ಪೈಪು ಬರುವವರೆಗೆ ದಿನಾ ಒಂದು ಕೊಡ ಅವನ ಕ್ವಾರ್ಟರ್ಸಿಗೆ ಹೋಗಬೇಕು, ಆ ಮನೆಯಲ್ಲಿ ಅದೇ ನೀರಿನಲ್ಲಿ ಅಡುಗೆಯಾಗಬೇಕು ಎಂದು ನೋಡಿಕೊಳ್ಳಲು ಕಾವಲಿಗೆ ಜನ ಇಟ್ಟ. ಎಂಜಿನಿಯರನ ಹೆಂಡತಿ ಕೈಗೂಸು ಎತ್ತಿಕೊಂಡು ಕಟ್ಟೆಗೆ ಬಂದು ಅತ್ತಳು. ಆ ಹಳ್ಳಿಯ ಕೂಸುಗಳೂ ಕೂಸುಗಳೇ ಎಂದು ಹೇಳಿ ಅವಳನ್ನು ಕಳಿಸಿದ. ಮುಂದಿನ ಬೇಸಿಗೆಯ ಹೊತ್ತಿಗೆ ಆ ಹಳ್ಳಿಗಳಿಗೆ ಹೊಳೆಯ ನೀರು ಬಂತು. ನೀರು ಬಂದ ದಿನ ಜನ ಕುಣಿದರು. ಆ ಹೆಂಗಸು ಅತ್ತದ್ದನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ಹೆಣ್ಣುಮಕ್ಕಳಿಗೆಂದು ಕಾಲೇಜು ತಂದ. ಆ ಕಾಲೇಜಿಗೆ ಹಳ್ಳಿಗಳಿಂದ ಬಸ್ಸು ಹಾಕಿಸಿದ. ಮಂತ್ರಿಯಾಗಲಿಲ್ಲ, ಆಗುವಂತಿರಲಿಲ್ಲ. ಪಕ್ಷದ ದೊಡ್ಡವರು ಒಳಗೆ ಕೂತು ಆಡಿದ ಮಾತನ್ನು ಹೊರಗೆ ಬಂದು ಮೈಕಿನಲ್ಲಿ ಹೇಳಿಬಿಟ್ಟಿದ್ದ. ಅಂಥವನನ್ನು ಯಾರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ?

ನನ್ನ ಮದುವೆಯಾದದ್ದು ಅವನ ಮೊದಲ ಅವಧಿಯಲ್ಲಿ. ಗಂಗಾವತಿ ಕಡೆಯ ಕಾಲುವೆ ಸೀಮೆಯ ಮನೆತನ, ನೀರಾವರಿ ಗದ್ದೆ, ಅಕ್ಕಿ ಗಿರಣಿ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗಿ ಮೂರು ಹೊತ್ತು ಅನ್ನ ಉಣ್ಣುತ್ತಾಳೆ ಎಂದು ನಮ್ಮ ಓಣಿಯ ಹೆಂಗಸರು ಹಾಡಿ ಕಳಿಸಿದರು. ಒಂದೂವರೆ ವರ್ಷದ ಮೇಲೆ ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದೆ. ಎಡಗೈ ಮೇಲೆ ಕಾದ ಹಂಚಿನ ಬರೆ ಇತ್ತು. ಅವ್ವನಿಗೆ ಮಾತ್ರ ಎಲ್ಲ ಹೇಳಿದೆ. ಅವ್ವ ಅಪ್ಪನಿಗೆ ಅರ್ಧ ಹೇಳಿದಳು. ಅಪ್ಪ ನನ್ನನ್ನು ಕರೆದುಕೊಂಡು ತಮ್ಮನ ಮನೆಗೆ ಹೋದ, ಹಿತ್ತಲ ಬಾಗಿಲಿನಿಂದ. ಸ್ವಂತ ತಮ್ಮ, ಒಳಗೆ ಕೂತು ಕೇಳುತ್ತಾನೆ ಎಂದುಕೊಂಡಿದ್ದ.

ಹಿತ್ತಲಲ್ಲಿ ಕಾಕಾನ ಹೆಂಡತಿ ಚಿಗವ್ವ ನನ್ನನ್ನು ನೋಡಿದವಳೇ ತಬ್ಬಿಕೊಂಡಳು. ಕಾಕಾ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟ. ಹೆಬ್ಬೆರಳು ಎಲುಬಿಗೇ ತಾಕಿತು.

“ಭಾಳ ದಿನದಿಂದ ಉಂಡಿಲ್ಲ ಇಕಿ,” ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, “ಕಟ್ಟಿಗೆ ಬರ್ರಿ,” ಎಂದು ಹೊರಟುಹೋದ.

ಅಪ್ಪ ಬೇಡಿಕೊಂಡ. ಇದು ಮನೆತನದ ವಿಷಯ, ಹೆಣ್ಣುಮಗಳ ವಿಷಯ ಎಂದ. ಅಣ್ಣನಿಗೊಂದು ಮಂದಿಗೊಂದು ನಿಯಮ ಇಲ್ಲ ಎಂದು ಹೊರಗಿನಿಂದಲೇ ಉತ್ತರ ಬಂತು. ಚಿಗವ್ವ ನನ್ನ ತಲೆಯ ಮೇಲೆ ಸೆರಗು ಸರಿಪಡಿಸಿದಳು. ನಾವು ಮುಂಬಾಗಿಲಿನಿಂದ ಹೊರಗೆ ಹೋದೆವು.

ಕಟ್ಟೆಯ ಮುಂದೆ ನೆಲದ ಮೇಲೆ ಜನ ಕೂತಿದ್ದರು. ನನ್ನ ಸಾಲಿಯ ಮಾಸ್ತರರು, ಕಿರಾಣಿ ಅಂಗಡಿಯವರು, ನನ್ನ ಜೊತೆ ಓದಿದವಳ ಗಂಡ, ಅಪ್ಪನ ಜೊತೆ ಸಂಜೆ ಚಹಾ ಕುಡಿಯುತ್ತಿದ್ದ ಗೆಳೆಯರು, ಯಾವುದೋ ಬೇರೆ ಕೆಲಸಕ್ಕೆ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರು. ಅಪ್ಪ ಮಾತು ಶುರು ಮಾಡಿದ. ಕಾಕಾ ಕೈ ಎತ್ತಿ ತಡೆದ.

“ಅಣ್ಣ, ಸುಟ್ಟಿದ್ದು ನಿನಗಲ್ಲ. ಇಕಿ ಹೇಳ್ಲಿ.”

ನಾನು ಕೈ ತೋರಿಸಿದೆ. ಬರೆ ಹಾಕಿದರು ಎಂದೆ. ಯಾರು ಎಂದ. ಗಂಡ ಎಂದೆ. “ಮುಂದ?” ಎಂದ. ಅತ್ತೆ ಕೈ ಹಿಡಿದುಕೊಂಡಿದ್ದಳು ಎಂದೆ. “ಮುಂದ?” ನಾನು ಸೆರಗು ಎಳೆದು ಬರೆ ಮುಚ್ಚಿಕೊಂಡೆ. ಕಾರಣ ಇಲ್ಲದೆ ಯಾರೂ ಹಂಚು ಕಾಯಿಸುವುದಿಲ್ಲ, ಕಾರಣ ಹೇಳು ಎಂದ. ಕಾಕಾ ಕಣ್ಣು ತೆಗೆಯದೆ ನನ್ನನ್ನೇ ನೋಡುತ್ತ ಕೂತಿದ್ದ. ಬಿಡುವವನಲ್ಲ ಎಂದು ಗೊತ್ತಾಯಿತು. ನಾನು ಹೇಳಿದೆ. ಗಂಡನಿಂದ ಆಗದು, ಮನೆಗೆ ಮಗು ಬೇಕು, ಮೈದುನನ ಕೋಣೆಗೆ ಹೋಗು ಅಂದರು, ಹೋಗಲಿಲ್ಲ, ಅದಕ್ಕೆ ಸುಟ್ಟರು. ಒಂದೊಂದೇ ಮಾತು, ದೊಡ್ಡ ದನಿಯಲ್ಲಿ. ಹಿಂದಿನ ಸಾಲಿಗೆ ಕೇಳಲಿಲ್ಲವೆಂದು ಮೈದುನನ ಮಾತನ್ನು ಇನ್ನೊಮ್ಮೆ ಹೇಳಿಸಿದ.

ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಕಾಕಾ ಇನ್ಸ್‌ಪೆಕ್ಟರನ ಕಡೆ ತಿರುಗಿ, ಎಲ್ಲರೂ ಕೇಳಿದ್ದಾರೆ, ಬರೆದುಕೊಳ್ಳಿ ಎಂದ.

ಅದಾಗಿ ಒಂದೆರಡು ದಿನಕ್ಕೆ ನನ್ನ ಮಾವನ ಕಡೆಯವರು ದೊಡ್ಡ ಕಾರಿನಲ್ಲಿ ಹಿರಿಯರನ್ನು ಕರೆದುಕೊಂಡು ಬಂದರು. ಒಳಗೆ ಕೂತು ಮಾತಾಡೋಣ, ದೊಡ್ಡ ಮನೆತನಗಳು ಬೀದಿಯಲ್ಲಿ ನಿಲ್ಲಬಾರದು ಎಂದರು. ಕಾಕಾ ಅವರನ್ನೂ ಕಟ್ಟೆಯ ಮುಂದೆ ನಿಲ್ಲಿಸಿ, ನಾನು ಹೇಳಿದ್ದನ್ನು ಒಂದೊಂದಾಗಿ ಕೇಳಿದ. ಮೈದುನನ ಮಾತಿಗೆ ಬಂದಾಗ ಅವರು ಕಾರು ಹತ್ತಿದರು. ಕೇಸು ನಡೆಯಿತು, ಆ ಮದುವೆಯಿಂದ ನನಗೆ ಬಿಡುಗಡೆಯಾಯಿತು. ಕಾಕಾ ನನ್ನನ್ನು ಧಾರವಾಡಕ್ಕೆ ಕಳಿಸಿ ಬಿ.ಎಡ್. ಮಾಡಿಸಿದ. ಪರೀಕ್ಷೆ ಬರೆದು ನಾನು ಯಲಬುರ್ಗಾ ತಾಲ್ಲೂಕಿನ ಹೈಸ್ಕೂಲಿಗೆ ಮೇಡಂ ಆದೆ. ನೌಕರಿಗೆ ಅವನು ಯಾರಿಗೂ ಫೋನು ಮಾಡಲಿಲ್ಲ. ಮಾಡುವವನಲ್ಲ, ನಾನೂ ಕೇಳಲಿಲ್ಲ.

ಅಪ್ಪ ಆ ದಿನದ ಮೇಲೆ ಸಂಜೆಯ ಚಹಾಕ್ಕೆ ಹೋಗಲಿಲ್ಲ. ಕಚೇರಿಗೆ ಹೋಗುವಾಗ ಓಣಿ ಬಿಟ್ಟು ಹೊಲದ ದಾರಿ ಹಿಡಿಯುತ್ತಿದ್ದ. ನಿವೃತ್ತಿಯಾದ ಮೇಲೆ ಅಂಗಳಕ್ಕೂ ಬರುವುದು ನಿಂತಿತು. ನಾನು ರಜೆಗೆ ಮನೆಗೆ ಹೋದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸಿಟ್ಟಲ್ಲ, ಆ ಮಾತುಗಳನ್ನು ನನ್ನ ಬಾಯಿಂದ ಕೇಳಿದ ಮೇಲೆ ನನ್ನನ್ನು ಹೇಗೆ ನೋಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಹಾಗೇ ಸತ್ತ. ಅವ್ವ ಕಾಕಾನ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ಅಪ್ಪನ ಮಣ್ಣಿಗೆ ಕಾಕಾ ಬಂದಾಗ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಒಮ್ಮೆ ನಾನು ಕಾಕಾನನ್ನು ಕೇಳಿದೆ. ನಿನ್ನಿಂದ ಅಪ್ಪ ಬದುಕಿದ್ದಾಗಲೇ ಸತ್ತ, ಒಂದು ಬಾಗಿಲು ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ. ಅವನು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದ. ಉಗಿದು ಹೇಳಿದ:

“ನಿನಗ ನಾಚಿಕಿ ಆತು. ಸತ್ತಿದ್ರ ಆಗತಿರಲಿಲ್ಲ.”



ಎರಡನೆಯ ಸಲ ಗೆದ್ದಾಗ ಕಾಲ ಬದಲಾಗಿತ್ತು. ಕಟ್ಟೆಯ ಮುಂದೆ ಕೂತ ಎಲ್ಲರ ಕೈಯಲ್ಲೂ ಮೊಬೈಲು. ಯಾರಾದರೂ ಎದ್ದು ನಿಂತರೆ ನಾಲ್ಕು ಕಡೆಯಿಂದ ವಿಡಿಯೊ. ಮಧ್ಯಾಹ್ನದೊಳಗೆ ಊರೂರಿನ ವಾಟ್ಸಾಪಿನಲ್ಲಿ ಅವರ ಅಳು, ಅವರ ತೊದಲು. ಚಿಗವ್ವ ಇದು ಬೇಡ ಎಂದು ಹೇಳಿ ಬೈಸಿಕೊಂಡಳು. ನಾನೂ ಹೇಳಿದೆ. ವಿಧಾನಸಭೆಯಲ್ಲಿ ತಾನು ಆಡಿದ ಮಾತನ್ನೂ ಕ್ಯಾಮೆರಾ ಹಿಡಿಯುತ್ತದೆ, ಇಲ್ಲಿ ಮಾತ್ರ ಯಾಕೆ ಬೇಡ ಎಂದ.

ಆ ಭಾನುವಾರ ನಾನು ಅಲ್ಲೇ ಇದ್ದೆ. ಊರಲ್ಲಿ ಒಂದು ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಗಂಡ ಇಲ್ಲ. ಮಗಳು ಕಾಕಾನೇ ತಂದ ಕಾಲೇಜಿನಲ್ಲಿ ಓದುತ್ತಿದ್ದಳು. ಅವರು ಕಟ್ಟೆಗೆ ಹೋಗದೆ ಹಿತ್ತಲಿಗೆ ಬಂದರು. ಸಾಹೇಬರಿಗೆ ಒಂದು ಮಾತು ಹೇಳುವುದಿದೆ, ಒಳಗೆ ಹೇಳುತ್ತಾಳೆ ಎಂದು ತಾಯಿ ಚಿಗವ್ವನ ಕೈ ಹಿಡಿದುಕೊಂಡಳು. ಕಾಲೇಜಿನ ಒಬ್ಬ ಮೇಷ್ಟ್ರ ವಿಷಯ ಎಂದಷ್ಟೇ ಹೇಳಿದಳು. ಹುಡುಗಿ ನೆಲ ನೋಡುತ್ತಿದ್ದಳು. ಚಿಗವ್ವ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ, ಹೊರಗೆ ಹೋಗಿ ಗಂಡನಿಗೆ ಒಂದು ಕ್ಷಣ ಒಳಗೆ ಬರಲು ಹೇಳಿದಳು. ಅವನು ಅಷ್ಟು ಜನರ ಮುಂದೆ ಅವಳ ಮೇಲೆ ಹರಿಹಾಯ್ದ. ಈ ಮನೆಯಲ್ಲಿ ಕಳ್ಳಬಾಗಿಲು ಯಾವಾಗ ಇಡಿಸಿದೆ ಎಂದ.

ತಾಯಿ ಮಗಳು ಕಟ್ಟೆಯ ಮುಂದೆ ಬಂದು ನಿಂತರು. ತಾಯಿ ಬಾಯಿ ತೆರೆದಾಗ, ನಮ್ಮಪ್ಪನನ್ನು ತಡೆದ ಹಾಗೆಯೇ ತಡೆದ. ಹುಡುಗಿಯೇ ಹೇಳಲಿ ಎಂದ. ಮೊಬೈಲುಗಳು ಮೇಲೆದ್ದವು. ಹುಡುಗಿ ಒಮ್ಮೆ ಬಾಯಿ ತೆರೆದಳು. ಗಂಟಲಿನಿಂದ ಏನೋ ಒಂದು ಸಣ್ಣ ಸದ್ದು ಬಂತು, ಮಾತು ಬರಲಿಲ್ಲ. “ಮುಂದ?” ಎಂದ ಕಾಕಾ. ಹುಡುಗರು ಯಾರೋ ನಕ್ಕರು. ಅವಳು ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಾನು ಜಗಲಿಯಿಂದ ಇಳಿದು ಅವಳ ಪಕ್ಕ ಹೋಗಿ ನಿಂತೆ. ಕಾಕಾ ನನಗೆ ಪಕ್ಕಕ್ಕೆ ಸರಿ ಎಂದ. ನೀನು ಹೇಳಿದೆಯಲ್ಲ, ಇವಳೂ ಹೇಳುತ್ತಾಳೆ ಎಂದ. ಅವಳು ಹೇಳಲಿಲ್ಲ.

“ಮಾತು ಬಂದ ಮ್ಯಾಲ ಬಾ,” ಎಂದು ಕಾಕಾ ಮುಂದಿನವರನ್ನು ಕರೆದ.

ಆ ವಿಡಿಯೊ ಮಧ್ಯಾಹ್ನದ ಊಟದ ಹೊತ್ತಿಗೆ ಊರಿನ ಹುಡುಗರ ಗುಂಪುಗಳಲ್ಲಿತ್ತು. ಅದರ ಕೆಳಗೆ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಏನಾಗಿತ್ತೆಂದು ಅವಳು ಹೇಳಿರಲಿಲ್ಲ, ಹಾಗಾಗಿ ಪ್ರತಿಯೊಬ್ಬನೂ ತನಗೆ ಬೇಕಾದದ್ದನ್ನು ಹೇಳಿದ. ಆ ವಾರ ಮುಗಿಯುವ ಮೊದಲೇ ಹುಡುಗಿ ಜೀವ ಕಳೆದುಕೊಂಡಳು.

ಕಾಕಾ ಸುದ್ದಿ ಕೇಳಿದವನೇ ಹೊರಟ. ಹೋಗಬೇಡ, ಜನ ಸಿಟ್ಟಿನಲ್ಲಿದ್ದಾರೆ ಎಂದು ಪಕ್ಷದವರು ತಡೆದರೂ ಕೇಳಲಿಲ್ಲ. ಅವರದು ತಗಡಿನ ಒಂದೇ ಕೋಣೆಯ ಮನೆ. ಹೆಣವನ್ನು ಹೊರಗೆ ಕೂರಿಸಿದ್ದರು. ಅವನು ಹಾರ ಹಿಡಿದು ಹತ್ತಿರ ಹೋದಾಗ ತಾಯಿ ಎದ್ದು ನಿಂತಳು. ಓಣಿ ತುಂಬ ಜನ. ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ, ಆದರೆ ಓಣಿಯ ಆ ತುದಿಯವರೆಗೆ ಕೇಳಿತು.

“ಸಾಹೇಬ್ರ, ನನ್ನ ಮಗಳಿಗೆ ಮಾತು ಬರ್ತಿತ್ತು. ನಿಮ್ಮ ಮನ್ಯಾಗ ಕೂಡಾಕ ಒಂದು ಖೋಲಿ ಸಿಕ್ಕಿದ್ರ ಹೇಳ್ತಿದ್ಲು.”

ಕಾಕಾ ಆ ಮೇಷ್ಟ್ರ ಹೆಸರು ಕೇಳಿದ.

“ಅದನ್ನ ಹೇಳಾಕ ಆಕಿ ನಿಮ್ಮ ಕಟ್ಟಿಗೆ ಬಂದಿದ್ಲು,” ಎಂದಳು. “ನನಗ ಹೇಳಿರಲಿಲ್ಲ.”

ಅವನು ಹಾರವನ್ನು ಹಾಕುವಂತೆಯೂ ಇಲ್ಲ, ಹಿಡಿದುಕೊಳ್ಳುವಂತೆಯೂ ಇಲ್ಲ. ಎಷ್ಟೋ ಹೊತ್ತು ನಿಂತ. ಯಾರೂ ಅವನಿಗೆ ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಸುತ್ತ ಮೊಬೈಲುಗಳು ಎದ್ದಿದ್ದವು. ಆ ವಿಡಿಯೊ ಬೆಂಗಳೂರಿನವರೆಗೆ ಹೋಯಿತು.

ಮರುದಿನ ಅವನು ಕಟ್ಟೆಯ ಮೇಲೆ ಕೂತು, ಕಾಲೇಜಿನ ಯಾವ ಹುಡುಗಿಗಾದರೂ ಏನಾದರೂ ಹೇಳುವುದಿದ್ದರೆ ಬಂದು ಹೇಳಲಿ, ತಾನು ಬೆನ್ನಿಗಿದ್ದೇನೆ ಎಂದು ಊರಲ್ಲಿ ಸಾರಿಸಿದ. ಯಾರೂ ಬರಲಿಲ್ಲ. ಒಂದೊಂದೇ ದಿನ ಕಳೆದು, ಪಿಂಚಣಿಯ ಮುದುಕಿಯರೂ ಬರುವುದನ್ನು ಬಿಟ್ಟರು. ಬೇವಿನ ಹಣ್ಣು ಉದುರಿ ಕಟ್ಟೆಯ ಮೇಲೆ ಅಂಟಂಟಾಗಿ ಬಿದ್ದಿರುತ್ತಿತ್ತು; ಅವನು ಅದರ ನಡುವೆ ಕೂತಿರುತ್ತಿದ್ದ. ಆ ಮೇಷ್ಟ್ರ ಮೇಲೆ ದೂರೇ ಇರಲಿಲ್ಲ, ಹೆಸರೂ ಇರಲಿಲ್ಲ. ಊರಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳುತ್ತಿದ್ದರು. ಅವರಲ್ಲಿ ನಿಜವಾದವನು ಇಂದಿಗೂ ಎಲ್ಲೋ ಪಾಠ ಮಾಡುತ್ತಿರಬೇಕು.

ಮುಂದಿನ ಚುನಾವಣೆಯಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ. ಪಕ್ಷೇತರನಾಗಿ ನಿಂತು ಠೇವಣಿ ಕಳೆದುಕೊಂಡ. ಹೊಳೆಯ ನೀರು ಕುಡಿದ ಹಳ್ಳಿಗಳಲ್ಲೇ ಅವನ ಜೀಪಿಗೆ ಕಲ್ಲು ಬಿತ್ತು. ಒಂದು ಹಳ್ಳಿಯಲ್ಲಿ ಹುಡುಗರು ಅವನ ಮುಂದೆ ಬಂದು ಬಾಯಿಗೆ ಬಟ್ಟೆ ಒತ್ತಿಕೊಂಡು, “ಮುಂದ?” “ಮುಂದ?” ಎಂದು ಕುಣಿದರು. ಆ ಹುಡುಗರಿಗೆ ಸತ್ತವಳ ಚಿಂತೆ ಇರಲಿಲ್ಲ, ಅವರಿಗೆ ಅದೊಂದು ಆಟ. ಅವನು ಜೀಪು ನಿಲ್ಲಿಸಿ ಅವರು ದಣಿಯುವವರೆಗೆ ನೋಡುತ್ತ ಕೂತಿದ್ದನಂತೆ.

ಸೋತ ಮೇಲೆ ಮೂತ್ರಪಿಂಡಗಳು ಕೆಟ್ಟವು. ವಾರವಾರವೂ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಅವನ ಮಕ್ಕಳಿಬ್ಬರೂ ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡು, ಅಪ್ಪನ ಹೆಸರು ಹೇಳಿದರೆ ಗಿರಾಕಿ ಬರುವುದಿಲ್ಲ ಎಂಬಲ್ಲಿಗೆ ಬಂದಿದ್ದರು. ಚಿಗವ್ವ ನೋಡಿಕೊಂಡಳು. ಅವಳ ಆರೈಕೆಯಲ್ಲಿ ಒಂದು ಕೊರತೆಯೂ ಇರಲಿಲ್ಲ, ಒಂದು ಮಾತೂ ಇರಲಿಲ್ಲ. ಮಾತ್ರೆ ಕೊಡುತ್ತಿದ್ದಳು, ಅಳತೆಯ ನೀರು ಕೊಡುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಅವನು ಏನಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಕಟ್ಟೆಯ ಮುಂದೆ ಆ ಹುಡುಗಿಯ ಸಲುವಾಗಿ ಬೈಸಿಕೊಂಡ ದಿನದಿಂದ ಹಾಗೆ. ಕಾಕಾನೊಂದಿಗೆ ಒಮ್ಮೆ ಮಾತಾಡು, ಬಹಳ ದಿನ ಉಳಿಯುವವನಲ್ಲ ಎಂದು ನಾನು ಅಂದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನಿನಗ ಅವರು ಜೀವಾ ಉಳಿಸಿಕೊಟ್ಟಾರ, ನೀ ಮಾತಾಡು,” ಎಂದಳು. “ನನ್ನ ಹಂತ್ಯಾಕ ಅವರು ಎಂದಾರ ಕೂತು ಒಂದು ಮಾತು ಕೇಳ್ಯಾರೇನು?”

ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ನಾನು ಕೊಪ್ಪಳದ ಆಸ್ಪತ್ರೆಗೆ ಹೋಗಿ ಅವನ ಪಕ್ಕ ಕೂರುತ್ತಿದ್ದೆ. ಅವನ ಕೈಯ ರಕ್ತನಾಳ ಉಬ್ಬಿ ಹಗ್ಗದ ಹಾಗಾಗಿತ್ತು. ಸುತ್ತಲಿನ ಹಾಸಿಗೆಯವರು ಅವನನ್ನು ಗುರುತಿಸಿ ಮುಖ ತಿರುಗಿಸುತ್ತಿದ್ದರು. ಒಬ್ಬಿಬ್ಬರು ನಮಸ್ಕಾರವನ್ನೂ ಮಾಡುತ್ತಿದ್ದರು. ಒಂದು ಶನಿವಾರ ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ:

“ಆ ಹುಡಿಗಿ ಹೆಸರು ಏನಿತ್ತು?”

ಯಾವ ಹುಡುಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಸಾವಿನ ಮನೆಗೆ ಹೋಗಿದ್ದ, ಅವಳಿಂದಾಗಿ ಎಲ್ಲ ಕಳೆದುಕೊಂಡಿದ್ದ, ಆದರೆ ಅವಳ ಹೆಸರನ್ನು ಅವನು ಕೇಳಿಯೇ ಇರಲಿಲ್ಲ. ನಾನು ಹೇಳಿದೆ. ಅವನು ಅದನ್ನು ತುಟಿಯಲ್ಲೇ ಒಮ್ಮೆ ಆಡಿಕೊಂಡ. ಆಮೇಲೆ ಅವಳ ತಾಯಿ ಎಲ್ಲಿದ್ದಾಳೆಂದು ಕೇಳಿದ. ಹಿಟ್ನಾಳದಲ್ಲಿ, ಹೈವೇ ಪಕ್ಕದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ನಮ್ಮ ಸಾಲಿಯ ಒಬ್ಬ ಮೇಡಂ ಹೇಳಿದ್ದರು. ಅಲ್ಲಿಗೆ ಹೋಗೋಣ ಎಂದ.

ಡಯಾಲಿಸಿಸ್ ಮುಗಿದಾಗ ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಆದರೂ ಊರಿನ ದಾರಿ ಬಿಟ್ಟು ಕಾರನ್ನು ಹೊಸಪೇಟೆ ರಸ್ತೆಗೆ ತಿರುಗಿಸಿದೆವು. ರಾತ್ರಿಯ ಊಟ ಶುರುವಾಗುವ ಹೊತ್ತು. ಖಾನಾವಳಿಯ ಮುಂದೆ ಲಾರಿಗಳು, ಒಳಗೆ ಬೆಂಚುಗಳ ತುಂಬ ಡ್ರೈವರುಗಳು. ಒಂದು ಮೂಲೆಯಲ್ಲಿ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಮೊದಲು ಹೋಗಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಅಷ್ಟರಲ್ಲಿ ಕಾಕಾ ನಮ್ಮ ಕಾರಿನ ಡ್ರೈವರನ ಹೆಗಲು ಹಿಡಿದು ಒಳಗೆ ಬಂದಿದ್ದ. ಅವಳು ಒಮ್ಮೆ ನೋಡಿ, ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿದಳು.

“ಯವ್ವಾ, ಒಂದ್ ಮಾತು ಹೇಳೋದಿತ್ತು,” ಎಂದ ಕಾಕಾ. ಅವನ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. “ಇಲ್ಲಿ ಬ್ಯಾಡ. ಸ್ವಲ್ಪ ಆ ಕಡೆ ಬರ್ತಿಯೇನು?”

ಹತ್ತಿರದ ಬೆಂಚಿನವರು ತಿನ್ನುವುದು ಬಿಟ್ಟು ನೋಡಿದರು. ಅವಳು ರೊಟ್ಟಿ ತಿರುವಿದಳು.

“ನಾ ಕೆಲಸದ ಮ್ಯಾಲ ಅದೀನ್ರಿ,” ಎಂದಳು. “ಹೇಳೋದಿದ್ರ ಇಲ್ಲೇ ಹೇಳ್ರಿ, ಎಲ್ಲಾರೂ ಕೇಳ್ಲಿ.”

ಕಾಕಾ ಬಾಯಿ ತೆರೆದ. ಅವನು ಹೇಳಬಹುದಿತ್ತು. ಹೆತ್ತ ತಾಯಿಯ ಎದುರಿಗೆ, ಸಾವಿರಾರು ಜನರ ಮುಂದೆ ಸತ್ತ ಅಕ್ಕನ ಸುದ್ದಿ ಹೇಳಿದ ಮನುಷ್ಯ. ಒಂದು ಸಲ ಕೆಮ್ಮಿದ, ತುಟಿ ಒರೆಸಿಕೊಂಡ. ಅವಳು ಅವನನ್ನೇ ನೋಡುತ್ತ ಕಾದಳು, ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಎದ್ದರೂ ಕಾದಳು. ಅವನಿಂದ ಮಾತು ಹೊರಡಲಿಲ್ಲ. ಆಮೇಲೆ ಅವಳು ಹೊತ್ತಿದ ರೊಟ್ಟಿಯನ್ನು ಎತ್ತಿ ಪಕ್ಕಕ್ಕೆ ಎಸೆದು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ನಾನು ಮತ್ತು ಡ್ರೈವರ್ ಅವನನ್ನು ಎರಡೂ ಕಡೆ ಹಿಡಿದು ಕಾರಿಗೆ ತಂದೆವು.

ಅವನು ಆ ಬೇಸಿಗೆ ದಾಟಲಿಲ್ಲ. ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ ಚಿಗವ್ವ ಫೋನು ಮಾಡಿದಳು. ಹೋದರು ಎಂದಷ್ಟೇ ಹೇಳಿದಳು. ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಅಳುತ್ತಿರುವುದನ್ನು ಕನ್ನಡಿಯಲ್ಲೇ ನೋಡಿದಳು, ಬೈಯಲಿಲ್ಲ. ಈ ಮನೆ, ಈ ಸಂಬಳ, ಬಾಗಿಲು ತೆರೆದಿಟ್ಟು ನಿದ್ದೆ ಮಾಡುವ ಈ ಧೈರ್ಯ ಯಾರಿಂದ ಬಂತು ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ಹೊಲದ ದಾರಿ ಹಿಡಿದು ಕಚೇರಿಗೆ ಹೋಗುತ್ತಿದ್ದುದೂ ಗೊತ್ತಿತ್ತು.

“ನೀ ಹೋಗು,” ಎಂದಳು. “ನಿನ್ನ ಮ್ಯಾಲ ಋಣ ಐತಿ. ನನ್ನ ಮ್ಯಾಲ ಇಲ್ಲ.”

ಮಣ್ಣಿಗೆ ಜನ ಸೇರಿದ್ದರು. ಹೊಸ ಶಾಸಕರು ಬಂದಿದ್ದರು, ಪೊಲೀಸರು ಸಾಲಾಗಿ ನಿಂತು ಗುಂಡು ಹಾರಿಸಿದರು. ನೀರು ತಂದವರು, ಕಾಲೇಜು ತಂದವರು ಎಂದು ಮಾತಾಡಿದರು. ಕಲ್ಲು ಎಸೆದ ಹಳ್ಳಿಗಳಿಂದಲೂ ಟ್ರ್ಯಾಕ್ಟರಿನಲ್ಲಿ ಮಂದಿ ಬಂದಿದ್ದರು. ಚಿಗವ್ವ ಒಂದು ಹನಿ ಕಣ್ಣೀರು ಹಾಕದೆ, ಒಂದು ಶಾಸ್ತ್ರವನ್ನೂ ಬಿಡದೆ ಎಲ್ಲ ಮಾಡಿದಳು. ಕುಣಿಗೆ ಇಳಿಸಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಬರಲಾಗದವರ ಹೆಸರು ಹೇಳಿ ಅವರ ಪಾಲಿನದನ್ನೂ ಹಾಕುವುದು ನಮ್ಮಲ್ಲಿ ರೂಢಿ. ನನ್ನ ಸರದಿ ಬಂದಾಗ ಒಬ್ಬ ಹಿರಿಯರು, ನಿಮ್ಮವ್ವನ ಹೆಸರಿನಲ್ಲೂ ಒಂದು ಹಿಡಿ ಹಾಕಿಬಿಡು ತಂಗಿ ಎಂದರು.

ನಾನು ನನ್ನ ಪಾಲಿನ ಮಣ್ಣು ಹಾಕಿದೆ. ಅವ್ವನ ಪಾಲಿನದನ್ನು ಹಾಕಲಿಲ್ಲ.